ಕೆಡವುವ ಮಾತಿಗೆ ಏರಿದ ಬೆಲೆ

ಸಾಬೂನು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೇಸ್ತ್ರಿಯಾಗಿದ್ದವನನ್ನು ಎಲ್ಲರೂ ಬಾಯ್ಲರ್ ಎಂದೇ ಕರೆಯುತ್ತಿದ್ದರು. ಹೆಸರು ಬಂದದ್ದು ಅರ್ಧ ಕೆಲಸದಿಂದ, ಅರ್ಧ ಸಿಟ್ಟಿನಿಂದ. ಸಿಟ್ಟು ಏರುವಾಗ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಕುತ್ತಿಗೆ. ಕುತ್ತಿಗೆಗೆ ಇಳಿಯುವುದರೊಳಗೆ ಎದುರಿಗಿದ್ದವರು ಜಾಗ ಖಾಲಿ ಮಾಡಿದರೆ ಅವರ ಪುಣ್ಯ.

ಆ ಬೆಳಿಗ್ಗೆ ಎದುರಿಗಿದ್ದದ್ದು ಪತ್ರಿಕೆ ಮಾತ್ರ. ಕಾರ್ಖಾನೆಯ ಜಾಗವನ್ನು ಫ್ಲ್ಯಾಟು ಕಟ್ಟುವವರಿಗೆ ಮಾರುತ್ತಾರಂತೆ, ಶೆಡ್ಡುಗಳನ್ನೆಲ್ಲ ಕೆಡವುತ್ತಾರಂತೆ. ಸಾಬೂನನ್ನು ಇನ್ನು ಬೇರೆಯವರ ಹತ್ತಿರ ಮಾಡಿಸುತ್ತಾರಂತೆ. ಷೇರುದಾರರಿಗೆ ದೊಡ್ಡ ವಿಶೇಷ ಡಿವಿಡೆಂಡ್. ಷೇರಿನ ಬೆಲೆ ನೂರೈವತ್ತಕ್ಕೆ ನೆಗೆದಿತ್ತು.

ಬಾಯ್ಲರ್ ಹತ್ತಿರ ಆ ಷೇರುಗಳಿದ್ದವು. ಕಾಸಿಲ್ಲದ ವರ್ಷಗಳಲ್ಲಿ ಮಾಲೀಕರು ಬೋನಸ್ಸಿನ ಬದಲು ಷೇರು ಹಂಚಿದ್ದರು. ಉಳಿದವರು ಅದನ್ನು ಗೇಟಿನ ಹೊರಗೇ ಮಾರಿ ಸೈಕಲ್ಲೋ ಫ್ಯಾನೋ ಕೊಂಡರು. ಇವನು ಮಾರಲಿಲ್ಲ. ದೂರದೃಷ್ಟಿಯಿಂದೇನಲ್ಲ, ಕೊಳ್ಳಲು ಬಂದ ದಲ್ಲಾಳಿಯ ಮೀಸೆ ಹಿಡಿಸಲಿಲ್ಲ, ಅಷ್ಟೆ. ಪೇಟೆಯಲ್ಲಿ ಜಾಣರೆನಿಸಿಕೊಂಡವರಲ್ಲಿ ಅರ್ಧ ಜನ ಜಾಣರಾದದ್ದು ಹೀಗೆಯೇ. ಕೆಲಸ ಬಿಟ್ಟ ಮೇಲೆ ವರ್ಷಕ್ಕೆರಡು ಸಲ ಬರುವ ಡಿವಿಡೆಂಡೇ ಗಂಡಹೆಂಡಿರ ಅನ್ನವಾಗಿತ್ತು.

ಇಂಥ ಸುದ್ದಿಗೆ ಕುಣಿಯಬೇಕಾದವನು ಕಿವಿ ಕೆಂಪು ಮಾಡಿಕೊಂಡು ಕೂತಿದ್ದಕ್ಕೆ ಕಾರಣ ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಕನ್ನಡಕದ ಅಂಗಡಿಯವನು, ಆದರೆ ಕನ್ನಡಕಕ್ಕಿಂತ ಸಲಹೆ ಮಾರಿದ್ದೇ ಹೆಚ್ಚು.

“ಅಣ್ಣಾ, ಷೇರು ಸುಮ್ನೆ ಬಿದ್ಕೊಂಡಿದೆ. ಅದನ್ನೂ ಸ್ವಲ್ಪ ದುಡಿಸು” ಎಂದು ಹಿಂದಿನ ವರ್ಷ ಬಂದು ಕೂತಿದ್ದ.

ದುಡಿಸುವ ದಾರಿ ಸರಳವಾಗಿತ್ತು. ತಿಂಗಳ ಕೊನೆಗೆ ಯಾರಾದರೂ ಕೇಳಿದರೆ ಇಂಥ ಬೆಲೆಗೆ ಷೇರು ಕೊಡುತ್ತೇನೆಂದು ಮಾತು ಕೊಡುವುದು. ಪೇಟೆಯಲ್ಲಿ ಅದಕ್ಕೆ ಆಪ್ಷನ್ ಮಾರುವುದು ಎನ್ನುತ್ತಾರೆ. ಮಾತು ಕೊಟ್ಟದ್ದಕ್ಕೇ ಕೈಗೆ ಕಾಸು. ಬೆಲೆ ಅಲ್ಲಿಗೆ ಮುಟ್ಟದಿದ್ದರೆ ಕಾಸೂ ನಮ್ಮದು, ಷೇರೂ ನಮ್ಮದು. ಮುಟ್ಟಿ ದಾಟಿದರೆ ಷೇರು ಅದೇ ಬೆಲೆಗೆ ಅವರದು.

“ನೂರಕ್ಕೆ ಮಾತು ಕೊಡೋಣ. ನಿನ್ನ ಕಾರ್ಖಾನೆ ನೂರು ದಾಟುತ್ತಾ?” ಎಂದು ಷಡ್ಡಕ ಕೇಳಿದ್ದ.

ಬಾಯ್ಲರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ನೂರಾ? ಅಯ್ಯೋ ಮಾರಾಯ, ಬಾಯ್ಲರ್ ಕೊಳವೆಗೆಲ್ಲ ತೇಪೆ ಹಾಕಿದವನು ನಾನು. ಕಲಸೋ ಯಂತ್ರ ದಿನ ಬಿಟ್ಟು ದಿನ ಮಲಗುತ್ತೆ. ಮಾಡು ಸೋರಿ ಸಾಬೂನು ಗೋಡೌನಿನಲ್ಲೇ ನೊರೆಯಾಗುತ್ತೆ. ನೂರಂತೆ ನೂರು!”

ತಿಂಗಳು ತಿಂಗಳೂ ನೂರಕ್ಕೇ ಮಾತು ಕೊಟ್ಟ, ಕಾಸು ಬಂತು. ಅವನು ಅದನ್ನು ಬಾಡಿಗೆ ಎಂದು ಕರೆದ. ಹೆಂಡತಿ ಹಲ್ಲು ಕಟ್ಟಿಸಿಕೊಂಡದ್ದು ಅದರಲ್ಲೇ. ಕಾರ್ಖಾನೆಯ ಒಂದೊಂದು ಬೋಲ್ಟೂ ಗೊತ್ತಿದ್ದವನು ಬೋಲ್ಟು ನಿಂತ ನೆಲದ ಬೆಲೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪತ್ರಿಕೆ ಮಡಿಚಿ ಕಂಕುಳಲ್ಲಿಟ್ಟುಕೊಂಡು ಅವನು ನೇರ ಕನ್ನಡಕದ ಅಂಗಡಿಗೆ ನುಗ್ಗಿದ.

“ಬಾ ಅಣ್ಣಾ, ಕೂತ್ಕೋ.”

“ಕೂರೋಕೆ ಬಂದಿಲ್ಲ. ನನ್ನ ಅನ್ನ ಕಿತ್ಕೊಂಡ್ಯಲ್ಲೋ!”

“ನಾನೇನ್ ಮಾಡ್ದೆ? ನೂರು ದಾಟಲ್ಲ ಅಂದೋನು ನೀನು.”

“ನಾನು ಸಾಬೂನಿನ ಮಾತಾಡ್ದೆ! ಮೂವತ್ತು ವರ್ಷ ಆ ಹಬೆಯಲ್ಲಿ ಬೆಂದೆ. ಆಗ ಒಂದು ರೂಪಾಯಿ ಏರ್ಲಿಲ್ಲ. ಕೆಡವ್ತೀವಿ ಅಂದ ಕೂಡ್ಲೆ ಏರುತ್ತಾ? ಹಾಗಾದ್ರೆ ನಾವು ಅಷ್ಟು ವರ್ಷ ಆ ಜಾಗಕ್ಕೆ ಅಡ್ಡ ನಿಂತಿದ್ವಾ?”

ಕಣ್ಣು ಪರೀಕ್ಷೆಗೆ ಕೂತಿದ್ದ ಹೆಂಗಸೊಬ್ಬರು ಮೆಲ್ಲಗೆ ಎದ್ದು ಹೋದರು. ಷಡ್ಡಕ ತಕ್ಕಡಿ ಹಿಡಿದವನಂತೆ ಎರಡೂ ಕೈ ಎತ್ತಿದ. “ಹೋಗ್ಲಿ ಬಿಡಣ್ಣಾ. ಷೇರು ಹೋದ್ರೂ ನೂರರ ಲೆಕ್ಕದಲ್ಲಿ ಗಂಟು ಕೈಗೆ ಬರುತ್ತಲ್ಲ. ನನ್ನ ಹತ್ರ ಇನ್ನೊಂದು ಯೋಚನೆ ಇದೆ...”

ಬಾಯ್ಲರ್ ಬಾಗಿಲನ್ನು ಎಳೆದ ರಭಸಕ್ಕೆ ಗಾಜಿನ ಮೇಲೆ ಬರೆದಿದ್ದ ದೊಡ್ಡ ಕಣ್ಣೂ ಅದುರಿತು.

ಮನೆಯಲ್ಲಿ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡೇ ಎಲ್ಲವನ್ನೂ ಕೇಳಿ, ಕೊನೆಗೆ ತೆಗೆದು ಹೇಳಿದಳು: “ರೀ, ಕೊಟ್ಟ ಮಾತು ವಾಪಸ್ ತಗೊಳ್ಳೋಕೆ ಆಗಲ್ವಾ?”

“ಆಗುತ್ತೆ. ತಿಂಗಳು ಮುಗಿಯೋದ್ರೊಳಗೆ ಇವತ್ತಿನ ಬೆಲೆಗೂ ನೂರಕ್ಕೂ ಇರೋ ಅಂತರ ಕಟ್ಬೇಕು. ಎಲ್ಲಿಂದ ಕಟ್ಲಿ?”

“ಅದೇ ಷೇರಲ್ಲಿ ಸ್ವಲ್ಪ ಮಾರಿ. ಇವತ್ತು ಒಳ್ಳೆ ಬೆಲೆ ಇದೆಯಲ್ಲ.”

“ಮೂರರಲ್ಲಿ ಒಂದು ಪಾಲು ಹೋಗುತ್ತೆ ಕಣೇ!”

“ಎರಡು ಪಾಲು ಉಳಿಯುತ್ತಲ್ಲ. ಗಂಟು ಬಂದ್ರೆ ನನ್ನ ತಂಗಿ ಗಂಡ ನಾಳೆನೇ ಬಂದು ಇಲ್ಲೇ ಕೂರ್ತಾನೆ. ನಿಮ್ಮ ಸಿಟ್ಟು ಅವನೆದುರಿಗೆ ಎರಡು ಲೋಟ ಕಾಫಿವರೆಗೂ ನಿಲ್ಲಲ್ಲ.”

ಲೆಕ್ಕದಲ್ಲಿ ನೋಡಿದರೆ, ನೂರಕ್ಕೆ ಕೊಟ್ಟು ಆ ಹಣದಲ್ಲಿ ಮತ್ತೆ ಕೊಂಡರೂ ಉಳಿಯುವುದು ಅದೇ ಎರಡು ಪಾಲು. ಆದರೆ ಕೈಗೆ ಬಂದ ಗಂಟು ಷಡ್ಡಕನನ್ನು ದಾಟಿ ಮತ್ತೆ ಪೇಟೆ ಮುಟ್ಟುವುದಿಲ್ಲ. ಹೆಂಡತಿ ಇದನ್ನು ಪೇಟೆಯಲ್ಲಿ ಕಲಿತದ್ದಲ್ಲ, ನೆಂಟರ ನಡುವೆ ಕಲಿತದ್ದು.

ದಲ್ಲಾಳಿ ಕಚೇರಿಯಲ್ಲಿ ಗುಮಾಸ್ತೆ ಹುಡುಗಿ ಮೊದಲು ಕಚೇರಿಯ ಸಾಲದಲ್ಲಿ ಮಾತನ್ನು ವಾಪಸ್ ಕೊಂಡಳು, ಆಮೇಲೆ ಅದನ್ನು ತೀರಿಸಲು ಷೇರು ಮಾರಿದಳು. ಒಂದೊಂದು ಗುಂಡಿ ಒತ್ತಿದಾಗಲೂ ಬಾಯ್ಲರ್ ಹಲ್ಲು ಕಡಿದ. ಇಡೀ ವರ್ಷದ ಬಾಡಿಗೆ ಆ ಎರಡು ಗುಂಡಿಗಳಲ್ಲಿ ಹೋಗಿತ್ತು, ಅದರ ಜೊತೆಗೆ ಮತ್ತಷ್ಟು.

“ಮೇಸ್ತ್ರೀ, ಮುಂದಿನ ತಿಂಗಳದ್ದು ಹಾಕ್ಲಾ?” ಎಂದು ಅವಳು ರೂಢಿಯಂತೆ ಕೇಳಿದಳು.

“ಬೇಡಮ್ಮ” ಎಂದಳು ಜೊತೆಗೆ ಬಂದಿದ್ದ ಹೆಂಡತಿ. “ಡಿವಿಡೆಂಡ್ ಬಂದಷ್ಟರಲ್ಲಿ ಬದುಕ್ತೀವಿ. ಕಮ್ಮಿ ಆಯ್ತು ಅಂದ್ರೆ ಇವರು ಕಮ್ಮಿ ಮಾತಾಡ್ಲಿ, ಹಸಿವೂ ಕಮ್ಮಿ ಆಗುತ್ತೆ.”

ಬಾಯ್ಲರ್‌ಗೆ ಬೇರೆಯೇ ಚಿಂತೆ. “ಜಾಗ ಮಾರೋದಕ್ಕೆ ಷೇರುದಾರರ ಸಭೆ ಇದೆಯಂತಲ್ಲ. ನಾನೀಗಲೂ ಷೇರುದಾರ ತಾನೇ? ಮಾತಾಡೋಕೆ ಬಿಡ್ತಾರಾ?”

“ಬಿಡ್ತಾರೆ. ಒಬ್ಬೊಬ್ಬರಿಗೆ ಎರಡು ನಿಮಿಷ” ಎಂದಳು ಹುಡುಗಿ.

“ಎರಡೇ?”

“ಮಾಲೀಕರು ಮಾತ್ರ ಗಂಟೆಗಟ್ಟಲೆ ಮಾತಾಡ್ತಾರೆ ಮೇಸ್ತ್ರೀ.”

ಬಸ್ ನಿಲ್ದಾಣದ ದಾರಿಯುದ್ದಕ್ಕೂ ಅವನು ಬೈಗುಳ ಜೋಡಿಸಿದ. ತೇಪೆ ಹಾಕಿದ ಕೊಳವೆಯಿಂದ ಶುರು ಮಾಡಿ, ಮುಖ ಸುಟ್ಟುಕೊಂಡ ಜೊತೆಗಾರನಿಗೆ ಬಂದು, ಕೊಡದೆ ಉಳಿಸಿಕೊಂಡ ಬೋನಸ್ಸಿಗೆ ಹೋಗುವಷ್ಟರಲ್ಲಿ ಏದುಸಿರು ಹತ್ತಿತು.

“ಇದಕ್ಕೆ ಎರಡು ದಿನ ಬೇಕು. ಮೊದಲು ನೀವು ಯಾರು ಅಂತ ಹೇಳಿ, ಅವರಿಗೆ ಗೊತ್ತಿರಲ್ಲ” ಎಂದಳು ಹೆಂಡತಿ.

“ಗೊತ್ತಿರಲ್ವಾ?” ಅವನು ನಡುರಸ್ತೆಯಲ್ಲೇ ನಿಂತು ಕೂಗಿದ. “ನಾನು ಯಾರು ಅಂತ ಅವರಿಗೆ ಗೊತ್ತಿರಲ್ವೇನೇ?”