ಕಾಕನ ಮನೆಯವರೆಲ್ಲ ವ್ಯಾನಿನಲ್ಲಿ

ಕೆಮ್ಮಣ್ಣಿನ ತಗ್ಗು ರಸ್ತೆಯಲ್ಲಿ ನೆರೆನೀರು ನಿಂತ ದಿನ ಶಾಲೆಯ ಮಕ್ಕಳನ್ನು ದಾಟಿಸಿದ್ದೇ ನನ್ನ ವ್ಯಾನಿನ ಕಾಯಿಲೆಗೆ ಮೂಲ. ಮಕ್ಕಳು ಕಾಲು ಮೇಲೆತ್ತಿ ಚಪ್ಪಾಳೆ ತಟ್ಟಿದರು. ನಾನೂ ಉಬ್ಬಿಹೋಗಿ ಗಾಡಿ ಮುಂದೆ ಬಿಟ್ಟೆ. ಹಿಂದಿನ ಚಕ್ರಗಳ ನಡುವೆ, ಅವುಗಳನ್ನು ತಿರುಗಿಸುವ ಹಲ್ಲುಗಾಲಿಗಳ ಗುಂಡು ಪೆಟ್ಟಿಗೆ ಇರುತ್ತದಲ್ಲ, ಡಿಫರೆನ್ಷಿಯಲ್, ಅದರೊಳಗೆ ನೀರು ಹೊಕ್ಕದ್ದು ಆಗ ಗೊತ್ತಾಗಲಿಲ್ಲ. ಬರಬರುತ್ತಾ ಗುಂಯ್ ಎಂಬ ಸದ್ದು ಶುರುವಾಯಿತು. ಬೇಸಿಗೆ ರಜೆಯ ಹೊತ್ತಿಗೆ ಶಿರ್ವದ ಮಕ್ಕಳ ತಾಯಂದಿರು, ಈ ಸದ್ದು ಹೋಗದಿದ್ದರೆ ಜೂನಿನಲ್ಲಿ ಬೇರೆ ವ್ಯಾನು ನೋಡುತ್ತೇವೆ ಎಂದುಬಿಟ್ಟರು. ಗಂಡ ತೀರಿಹೋದ ಮೇಲೆ ನನ್ನ ಜೀವನ ನಡೆಯುವುದೇ ಈ ವ್ಯಾನಿನಿಂದ. ಸಿಟ್ಟು ಬಂತು, ಆದರೆ ಅವರದ್ದೂ ತಪ್ಪಲ್ಲ.

ಕಾಪುವಿನಲ್ಲಿ ಹೆದ್ದಾರಿಯ ಪಕ್ಕ ಗ್ಯಾರೇಜು ಇಟ್ಟುಕೊಂಡಿರುವ ಬ್ಯಾರಿ ಮುಸಲ್ಮಾನ ಮೆಕ್ಯಾನಿಕ್‌ರನ್ನು ನಾವೆಲ್ಲ ಕಾಕ ಎನ್ನುತ್ತೇವೆ. ಅವರು ಪೆಟ್ಟಿಗೆಯ ಬೋಲ್ಟು ಬಿಚ್ಚಿದಾಗ ನೀರು ಬೆರೆತ ಎಣ್ಣೆ, ಹಾಲು ಹೆಚ್ಚಾದ ಚಹಾದ ಬಣ್ಣದಲ್ಲಿ ಸುರಿಯಿತು. ಬೇರಿಂಗುಗಳು ತುಕ್ಕು ಹಿಡಿದಿದ್ದವು, ಹಲ್ಲುಗಳು ಸವೆದಿದ್ದವು.

ಹೊಸ ಹಲ್ಲುಗಾಲಿಗಳ ಜೋಡಿ ಬಂತು. ಕಾಕ ದೊಡ್ಡ ಗಾಲಿಯ ಹಲ್ಲುಗಳಿಗೆ ಬಣ್ಣ ಸವರಿ, ಕೈಯಲ್ಲೇ ತಿರುಗಿಸಿ, ಚಿಕ್ಕ ಗಾಲಿ ಎಲ್ಲಿ ಉಜ್ಜಿದೆ ಎಂದು ಟಾರ್ಚು ಹಿಡಿದು ನೋಡುತ್ತಿದ್ದರು. ಗುರುತು ಹಲ್ಲಿನ ನಡುವೆ ಬೀಳಬೇಕು. ಬೀಳದಿದ್ದರೆ ಬಿಚ್ಚಿ, ಕಾಗದದಷ್ಟು ತೆಳ್ಳಗಿನ ತಗಡಿನ ಬಳೆಯೊಂದನ್ನು ಬದಲಿಸಿ, ಮತ್ತೆ ಜೋಡಿಸುವುದು. ನಾನು ಸ್ಟೂಲಿನ ಮೇಲೆ ಕೂತು ಚಡಪಡಿಸುತ್ತಿದ್ದೆ. ಮುಗಿಯಿತು ಎಂದುಕೊಂಡರೆ ಅವರು ಮನೆಗೆ ಫೋನು ಮಾಡಿದರು.

"ಖಾಲಿ ಗಾಡಿಯಲ್ಲಿ ಎಂತದೂ ಗೊತ್ತಾಗುವುದಿಲ್ಲ ಬಾಯಮ್ಮ. ಮಕ್ಕಳು ಕೂತಷ್ಟೇ ಭಾರ ಬೇಕು" ಎಂದರು ನನಗೆ. ನಮ್ಮಂಥ ಕ್ರೈಸ್ತ ಹೆಂಗಸರನ್ನು ಈ ಕಡೆ ಬಾಯಮ್ಮ ಎನ್ನುವುದು ರೂಢಿ.

ಸ್ವಲ್ಪ ಹೊತ್ತಿನಲ್ಲಿ ಅವರ ಹೆಂಡತಿ, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಬಂದರು. ಬೀಚಿಗೆ ಹೋಗುವುದು ಎಂದುಕೊಂಡು ಹಬ್ಬದ ಬಟ್ಟೆ ಹಾಕಿ, ಅತ್ತರು ಹಚ್ಚಿ ಬಂದಿದ್ದರು. ವ್ಯಾನು ಘಮಘಮ. ಕಾಕ ಹಿಂದಿನ ಸೀಟುಗಳ ನಡುವೆ ಚಾಪೆಯ ಮೇಲೆ ಮಲಗಿ ನೆಲಕ್ಕೆ ಕಿವಿ ಕೊಟ್ಟರು. ಮೊಮ್ಮಕ್ಕಳು ಅವರ ಬೆನ್ನಿನ ಮೇಲೆ ಕಾಲಿಟ್ಟು ನಕ್ಕರು. ಕಟಪಾಡಿ ಬರುವವರೆಗೆ ಯಾರೂ ಬಾಯಿ ಬಿಡಬಾರದು ಎಂದು ಅಜ್ಜಿ ಗದರಿಸಿದರು. ಹೆದ್ದಾರಿಯಲ್ಲಿ ಅಷ್ಟು ಮೌನವಾದ ಪ್ರವಾಸ ಬೇರೊಂದಿಲ್ಲ.

ವೇಗ ಹಿಡಿದಾಗ ಸದ್ದೇ ಇಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಮಾತ್ರ ಸೊಳ್ಳೆಯಷ್ಟು ಸಣ್ಣಗೆ ಗುಂಯ್ ಎಂದಿತು. ನನಗೆ ಕೇಳಿಸಿತು. ಕೇಳಿಸದ ಹಾಗೆ ಇದ್ದೆ. ನಾಡಿದ್ದು ಶಾಲೆ ಶುರು.

"ಗಾಡಿ ತಿರುಗಿಸಿ" ಎಂದರು ಕಾಕ ನೆಲದಿಂದಲೇ.

"ಇಷ್ಟು ಸಾಕು ಕಾಕ. ಯಾರಿಗೂ ಗೊತ್ತಾಗುವುದಿಲ್ಲ."

"ಈಗ ಗೊತ್ತಾಗುವುದಿಲ್ಲ. ದೀಪಾವಳಿಗೆ ಗೊತ್ತಾಗ್ತದೆ. ಆಗ ನಿಮ್ಮ ಮಕ್ಕಳು ಇನ್ನೊಂದು ವ್ಯಾನಿನಲ್ಲಿ ಕೂತಿರ್ತಾರೆ, ಅಲ್ವಾ?"

ನಾನು ಏನೇನೋ ಗೊಣಗಿದೆ. ಅವರು ಗ್ಯಾರೇಜಿಗೆ ಬಂದು ಎಲ್ಲವನ್ನೂ ಮೊದಲಿನಿಂದ ಬಿಚ್ಚಿದರು. ಬೀಚು ತಪ್ಪಿದ್ದಕ್ಕೆ ಮೊಮ್ಮಗಳೊಬ್ಬಳು ಅತ್ತಳು. ಮರುದಿನ ಅದೇ ಸಂಸಾರ, ಅದೇ ಅತ್ತರು, ಕಾಕ ಅದೇ ಚಾಪೆಯ ಮೇಲೆ. ಕಾಲು ತೆಗೆದೆ. ಏನೂ ಕೇಳಲಿಲ್ಲ. ಇನ್ನೊಮ್ಮೆ ತೆಗೆದು ನೋಡಿದೆ. ಏನೂ ಇಲ್ಲ. ಕಾಕ ಎದ್ದು ಕೂತು ಬೆನ್ನು ನೀವಿಕೊಂಡು, "ಇನ್ನು ಬೀಚಿಗೆ ಬಿಡಿ" ಎಂದರು.

ಶಾಲೆ ಶುರುವಾದ ದಿನ ಶಿರ್ವದ ತಾಯಂದಿರು ತಂತಮ್ಮ ಮನೆಯ ಗೇಟಿನಲ್ಲಿ ನಿಂತು ಕಿವಿಗೊಟ್ಟರು. ಆಮೇಲೆ ಒಬ್ಬೊಬ್ಬರಾಗಿ ಮಕ್ಕಳನ್ನು ಹತ್ತಿಸಿದರು. ಒಂದು ಸೀಟೂ ಖಾಲಿ ಉಳಿಯಲಿಲ್ಲ. ಮಕ್ಕಳನ್ನು ಶಾಲೆಯಲ್ಲಿ ಇಳಿಸುವ ಮೊದಲು ವ್ಯಾನು ನಿಲ್ಲಿಸಿ ಕಾಕನಿಗೆ ಫೋನು ಮಾಡಿದೆ.

"ಸದ್ದು ಉಂಟಾ?" ಎಂದು ಕೇಳಿದರು.

ಫೋನನ್ನು ಹಿಂದಕ್ಕೆ ಹಿಡಿದೆ. ಕಿಟಕಿಯ ಸೀಟಿಗಾಗಿ ಇಡೀ ವ್ಯಾನು ಜಗಳವಾಡುತ್ತಿತ್ತು.

"ಭರ್ತಿ ಉಂಟಲ್ಲ ಬಾಯಮ್ಮ" ಎಂದು ಕಾಕ ನಕ್ಕರು.

ಧನ್ಯವಾದ ಎನ್ನುವುದು ಏಕೋ ಸಾಲದೆನಿಸಿತು. ನಮ್ಮ ಕೊಂಕಣಿಯಲ್ಲೇ "ದೇವ್ ಬರೆಂ ಕರುಂ, ಕಾಕ" ಎಂದೆ, ದೇವರು ಒಳ್ಳೆಯದು ಮಾಡಲಿ ಎಂದು.

"ಆಮೀನ್" ಎಂದರು ಅವರು.