ಮುನಿಯಪ್ಪನಿಗಾಗಿ ನಾನು ಬರೆದ ಎರಡು ಅರ್ಜಿಗಳು

ಆಂಡರ್ಸನ್‌ಪೇಟೆಯ ಬಾಡಿಗೆ ಕೋಣೆಯಲ್ಲಿ ನಾನು ಟ್ರಂಕು ಬಿಚ್ಚುತ್ತಿದ್ದ ಮೊದಲ ದಿನವೇ ನೆಲ ಒಮ್ಮೆ ಧಡ್ಡೆಂದು ಅದುರಿತು. ಗೂಡಿನಲ್ಲಿದ್ದ ಹಿತ್ತಾಳೆ ತಂಬಿಗೆ ಉರುಳಿ ನನ್ನ ಕಾಲ ಬಳಿ ಬಿತ್ತು. ಹೆಂಚಿನ ಸಂದಿಯಿಂದ ತಲೆಯ ಮೇಲೆ ಮಣ್ಣುದುರಿತು. ಭೂಕಂಪವೇ ಆಯಿತೆಂದು ಬರಿಗಾಲಲ್ಲಿ ಬೀದಿಗೆ ಓಡಿದೆ. ನೋಡಿದರೆ ಬೀದಿಯಲ್ಲಿ ಓಡುತ್ತಿದ್ದವನು ನಾನೊಬ್ಬನೇ. ಎದುರಿನ ಅಂಗಡಿಯವನು ತಕ್ಕಡಿ ಹಿಡಿದ ಕೈಯನ್ನು ಒಂದು ಗಳಿಗೆ ತಡೆದ, ಮುಳ್ಳು ಅಲುಗಾಡುವುದು ನಿಂತ ಮೇಲೆ ಮತ್ತೆ ಬೇಳೆ ಸುರಿದ.

ಪಕ್ಕದ ಮನೆಯ ಜಗಲಿಯ ಮೇಲೆ ನಲವತ್ತರ ಆಸುಪಾಸಿನ ಒಬ್ಬಾತ ಬೀಡಿ ಸೇದುತ್ತ ಕುಳಿತಿದ್ದ. ಗಣಿಯಲ್ಲಿ ಬಂಡೆ ಕೊರೆಯುವ ಕೆಲಸದ ಮುನಿಯಪ್ಪ.

"ಎದುರ್ಕಂಡ್ರಾ ಸೋಮಿ? ಏರ್ ಬ್ಲಾಸ್ಟು ಅದು. ಕೆಳಗ್ಡೆ ಬಂಡೆ ಸಿಡೀತದೆ, ಮೇಲ್ಗಡೆ ನಮ್ ಚೊಂಬು ಬೀಳ್ತದೆ. ಅಷ್ಟೇಯ."

ಅವನ ಹೆಂಡತಿ ಗಂಗಮ್ಮ ಬಾಗಿಲಿಗೆ ಬಂದು ಗಣಿಬಾವಿಯ ಕಡೆಗೆ ಮುಖಮಾಡಿ ಕಿವಿಗೊಟ್ಟು ನಿಂತಳು. ಸಾಲುಮನೆಗಳ ಬಾಗಿಲು ಬಾಗಿಲಲ್ಲೂ ಹೆಂಗಸರು ಹಾಗೆಯೇ ನಿಂತಿದ್ದರು. "ಸೈರನ್ ಕೂಗ್ಲಿಲ್ಲ," ಎಂದು ಒಳಗೆ ಹೋದಳು. ಸೈರನ್ ಕೂಗಿದ್ದರೆ ಏನಾಗಿರುತ್ತಿತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ರೋಣದ ಕಡೆಯ ನಮ್ಮೂರಿನವರು ಇದನ್ನು ಓದಿದರೆ ನಾನು ಇಲ್ಲಿಗೇಕೆ ಬಂದೆ ಎಂದು ಕೇಳುತ್ತಾರೆ. ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮರುವರ್ಷ ಇಲ್ಲಿನ ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಮೆಟ್ರಿಕ್‌ನಲ್ಲಿ ನನ್ನ ಇಂಗ್ಲಿಷಿಗೆ ಒಳ್ಳೆಯ ಅಂಕ ಬಂದಿತ್ತು, ಆ ಜಂಬ ನನಗೆ ಇಂದಿಗೂ ಪೂರ್ತಿ ಇಳಿದಿಲ್ಲ. ಬಂಗಾರಪೇಟೆಯಲ್ಲಿ ದೊಡ್ಡ ರೈಲು ಇಳಿದು ಗಣಿಯ ಕಡೆಯ ಸಣ್ಣ ಗಾಡಿ ಹತ್ತಿದೆ. ಒಂದೇ ರಾಜ್ಯವೆಂದು ಸಂಭ್ರಮಿಸಿ ಬಂದವನಿಗೆ ಆ ಡಬ್ಬಿಯಲ್ಲಿ ಕೇಳಿಸಿದ್ದು ತಮಿಳು, ತೆಲುಗು, ಒಂದಿಷ್ಟು ಇಂಗ್ಲಿಷು. ಕನ್ನಡ ಸಿಕ್ಕಿದ್ದು ಟಿಕೆಟ್ ಕೇಳಲು ಬಂದವನ ಬಾಯಲ್ಲಿ ಮಾತ್ರ.

ಸಿಕ್ಕ ಕನ್ನಡವೂ ನನ್ನ ಕನ್ನಡವಾಗಿರಲಿಲ್ಲ. "ಜ್ವಾಳ ಐತೇನ್ರಿ?" ಎಂದು ಕೇಳಿದ್ದಕ್ಕೆ ಅಂಗಡಿಯವನು ತಮಿಳಿನಲ್ಲಿ ಪಕ್ಕದವನಿಗೆ ಏನೋ ಹೇಳಿ ನಕ್ಕ. ಇಲ್ಲಿ ಮೂರು ಹೊತ್ತೂ ರಾಗಿ. ಮುದ್ದೆಯನ್ನು ನಾನು ರೊಟ್ಟಿಯಂತೆ ಅಗಿಯುವುದನ್ನು ಕಂಡು ಗಂಗಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ನುಂಗ್‌ಬೇಕು ಸೋಮಿ, ಅಗೀಬಾರ್ದು." ಮೂರು ತಿಂಗಳ ಮೇಲೆ ಬಂಗಾರಪೇಟೆಯ ಸಂತೆಯಲ್ಲಿ ಒಬ್ಬ ಮುದುಕಿಯ ಹತ್ತಿರ ಜೋಳ ಸಿಕ್ಕಿತು. ಅಂದು ನಾನೇ ಬಡಿದ ರೊಟ್ಟಿ ಹಪ್ಪಳದಂತೆ ಮುರಿಯಿತು. ಆದರೂ ತಿಂದೆ, ತಿನ್ನುವಾಗ ಅಳು ಬಂತು. ಇದನ್ನು ಅವ್ವನಿಗೆ ಬರೆಯಲಿಲ್ಲ. ಅವಳಿಗೆ ಬರೆದದ್ದು ಎಂದಿನಂತೆ, ಇತ್ತ ನಾನು ಕ್ಷೇಮ, ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರುವುದು.

ಕಚೇರಿಯಲ್ಲಿ ನನ್ನ ಮೇಲಿನವರು ರೋಚ್ ಸಾಹೇಬರು, ಆಂಗ್ಲೋ ಇಂಡಿಯನ್ ಹೆಡ್ ಕ್ಲಾರ್ಕು. ಅವರ ಅಣ್ಣತಮ್ಮಂದಿರೆಲ್ಲ ದೇಶ ಬಿಟ್ಟು ಹಡಗು ಹತ್ತಿ ಹೋಗಿದ್ದರು. ಹೆಂಡತಿ ಸತ್ತು ವರ್ಷವಾಗಿರಲಿಲ್ಲ. ಬೆಳಗ್ಗೆ ಹೇಗಿದ್ದೀರಿ ಎಂದು ಕೇಳಿದರೆ ಟೊಪ್ಪಿಗೆಯನ್ನು ಗೂಟಕ್ಕೆ ಹಾಕುತ್ತ ಒಂದೇ ಉತ್ತರ: "ಕಾಂಟ್ ಕಂಪ್ಲೇನ್, ಮ್ಯಾನ್." ದೂರುವಂಥದ್ದೇನೂ ಇಲ್ಲವಪ್ಪಾ ಎಂದು. ದೂರುವುದಕ್ಕೆ ಅವರಿಗೆ ಬೇಕಾದಷ್ಟಿತ್ತೆಂದು ಕಚೇರಿಗೆಲ್ಲ ಗೊತ್ತಿತ್ತು.

ಒಳ್ಳೆಯ ಕಾಲ, ಕೆಟ್ಟ ಕಾಲಗಳಿಗೆ ಇಂಗ್ಲಿಷಿನಲ್ಲಿ ಇಷ್ಟೊಂದು ಮಾತುಗಳಿವೆಯೆಂದು ನಾನು ತಿಳಿದದ್ದು ಅವರಿಂದಲೇ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳತೊಡಗಿದೆ. ಮೈ ಚೆನ್ನಾಗಿದ್ದರೆ 'ಇನ್ ದ ಪಿಂಕ್', ಗುಲಾಬಿ ಬಣ್ಣದಲ್ಲಿದ್ದಾನೆ ಎಂಬಂತೆ. ಮೈ ಸರಿಯಿಲ್ಲದಿದ್ದರೆ 'ಅಂಡರ್ ದ ವೆದರ್', ಹವೆಯ ಅಡಿಯಲ್ಲಿ ಸಿಕ್ಕಿಕೊಂಡಂತೆ. ಕೆಲಸ ಕೈಗೂಡದಿದ್ದರೆ 'ಡಿಡ್ ನಾಟ್ ಪ್ಯಾನ್ ಔಟ್', ಇದು ಚಿನ್ನ ಹುಡುಕುವವರದೇ ಮಾತು, ಬಾಣಲಿಯಲ್ಲಿ ಮಣ್ಣು ತೊಳೆದರೂ ತಳದಲ್ಲಿ ಹೊಳಪು ಕಾಣಲಿಲ್ಲ ಎಂದು. ಕೆಲವು ದಿನ ತೀರ ಕಷ್ಟದಲ್ಲಿ ಸಾಗಿದರೆ 'ರಫ್ ಪ್ಯಾಚ್', ದಾರಿಯಲ್ಲಿ ಒಂದಿಷ್ಟು ಉದ್ದ ಕಲ್ಲುಮುಳ್ಳು. ಆಪತ್ಕಾಲಕ್ಕೆ 'ರೇನಿ ಡೇ' ಎನ್ನುತ್ತಾರೆಂದು ಕೇಳಿದಾಗ ನಾನು ಪೆನ್ಸಿಲ್ ಕೆಳಗಿಟ್ಟೆ. ಮಳೆಯ ದಿನ ಕೆಟ್ಟ ದಿನವೇ? ನಮ್ಮೂರಲ್ಲಿ ಮಳೆ ಬಂದರೆ ಕರಿನೆಲದ ಕೆಸರಿನಲ್ಲಿ ಕಾಲು ಹೂತರೂ ಜನ ನಗುತ್ತಲೇ ಮನೆಗೆ ಬರುತ್ತಾರೆ. ಆ ಮಾತು ಹುಟ್ಟಿದ ಊರಿನಲ್ಲಿ ಮಳೆ ಬೇಡವೆನ್ನುವಷ್ಟಿರಬೇಕು.

ಆ ಮಾತುಗಳಲ್ಲಿ ನನಗೆ ಮೆಚ್ಚಿಕೆಯಾದದ್ದು ಅವುಗಳ ಮರ್ಯಾದೆ. ನಮ್ಮ ಕಡೆ ಕಷ್ಟ ಬಂದರೆ ಎದೆ ಬಡಿದುಕೊಳ್ಳುತ್ತಾರೆ, ಓಣಿಯೇ ಬಂದು ಕೂಡುತ್ತದೆ. ಇಲ್ಲಿ ರೋಚ್ ಸಾಹೇಬರು ಹೆಂಡತಿಯನ್ನು ಮಣ್ಣು ಮಾಡಿ ಬಂದು ಮರುದಿನ ಕಡತ ಬಿಚ್ಚಿ 'ರಫ್ ಪ್ಯಾಚ್' ಎಂದಷ್ಟೇ ಅಂದರಂತೆ. ದೊಡ್ಡವರ ರೀತಿಯೆಂದರೆ ಇದು ಎಂದುಕೊಂಡೆ. ನನಗಾಗ ಇಪ್ಪತ್ತಮೂರು.

ಎರಡನೆಯ ವರ್ಷ ಮುನಿಯಪ್ಪನ ಉಸಿರಾಟ ಗೋಡೆಯಾಚೆಯಿಂದ ಕೇಳತೊಡಗಿತು. ಬಂಡೆ ಕೊರೆಯುವವರ ಎದೆಯಲ್ಲಿ ಕಲ್ಲಿನ ಧೂಳು ಕೂತರೆ ಹಾಗಾಗುತ್ತದೆ. ಒಂದು ಬೆಳಗ್ಗೆ ಪಾಳಿಯ ಬಟ್ಟೆ ತೊಟ್ಟು, ಊಟದ ಡಬ್ಬಿ ಹಿಡಿದು ನನ್ನ ಬಾಗಿಲಿಗೆ ಬಂದ. ಗಣಿಯ ಮೇಲ್ಗಡೆ ಯಾವುದಾದರೂ ಕೆಲಸಕ್ಕೆ ಹಾಕಿಸಿಕೊಡಿ ಎಂದು ಒಂದು ಅರ್ಜಿ ಬರೆದುಕೊಡಬೇಕಂತೆ. ಅರ್ಜಿ ಇಂಗ್ಲಿಷಿನಲ್ಲಿರಬೇಕೆಂದು ಕಚೇರಿಯ ಪದ್ಧತಿ.

"ಏನು ತೊಂದರೆ ಅಂತ ಬರೀಲಿ?" ಎಂದೆ.

"ಒಸಿ ಉಬ್ಬಸ ಸೋಮಿ. ಅಷ್ಟೇಯ."

"ಮತ್ತೇನೂ ಇಲ್ವಾ?"

"ಏನಿಲ್ಲ ಬುಡಿ," ಎಂದು ಹೊರಟುಬಿಟ್ಟ.

ನಾನು ಒಳ್ಳೆಯ ಕಾಗದ ತೆಗೆದುಕೊಂಡೆ. ನೋಟ್‌ಬುಕ್ಕು ಬಿಚ್ಚಿಟ್ಟುಕೊಂಡು ಬರೆದೆ. ಅರ್ಜಿದಾರನು ಈಚೆಗೆ ಸ್ವಲ್ಪ 'ಅಂಡರ್ ದ ವೆದರ್' ಆಗಿದ್ದಾನೆ, ಒಂದು 'ರಫ್ ಪ್ಯಾಚ್' ದಾಟುತ್ತಿದ್ದಾನೆ, ಕೆಲಸ ಬದಲಿಸಿಕೊಟ್ಟರೆ ಕೃತಜ್ಞನಾಗಿರುತ್ತಾನೆ. ಎರಡು ಸಲ ಓದಿಕೊಂಡೆ. ಅಂಥ ಇಂಗ್ಲಿಷನ್ನು ಆ ಕಚೇರಿಯಲ್ಲಿ ನಮ್ಮವರಾರೂ ಬರೆದಿರಲಿಕ್ಕಿಲ್ಲ ಎನ್ನಿಸಿತು. ರೋಚ್ ಸಾಹೇಬರು ಆ ವಾರ ರಜೆಯಲ್ಲಿದ್ದುದರಿಂದ ಅವರಿಗೆ ತೋರಿಸದೆ ನೇರವಾಗಿ ಮೇಲಕ್ಕೆ ಕಳಿಸಿದೆ.

ನಾಲ್ಕನೆಯ ದಿನ ಅರ್ಜಿ ಹಿಂದಕ್ಕೆ ಬಂತು. ಅಂಚಿನಲ್ಲಿ ಒಂದು ಸಾಲು: ಮೂರು ದಿನ ವಿಶ್ರಾಂತಿ, ಆಮೇಲೆ ಎಂದಿನ ಕೆಲಸ. ಒಂದು ಸಲ ತೀರ್ಮಾನವಾದ ಅರ್ಜಿಯನ್ನು ಮತ್ತೆ ಮೇಲಕ್ಕೆ ಕಳಿಸುವುದು ಸುಲಭವಲ್ಲವೆಂದು ನನಗೆ ಗೊತ್ತಿತ್ತು.

ಮುನಿಯಪ್ಪ ಮೂರು ದಿನ ಜಗಲಿಯ ಮೇಲೆ ಕೂತ. ನಾಲ್ಕನೆಯ ದಿನ ಡಬ್ಬಿ ಹಿಡಿದು ಹೊರಟ. ಅವನು ಓಣಿ ತಿರುಗುವವರೆಗೆ ನೋಡುತ್ತ ನಿಂತಿದ್ದ ಗಂಗಮ್ಮ ನನ್ನ ಬಾಗಿಲಿಗೆ ಬಂದಳು.

"ಏನ್ ಬರೆದ್ರಿ ಸೋಮಿ ಅದ್ರಾಗೆ? ರಕ್ತ ಕಾರ್ತಾವ್ನೆ ಅಂತ ಬರೆದ್ರಾ?"

"ರಕ್ತವೇ?"

"ಯುಗಾದಿಯಿಂದ ನಾಕ್ ಸಲ. ಅತ್ತು ಮೆಟ್ಲು ಅತ್ತಕ್ಕಾಗಲ್ಲ. ಮಲಗಿದ್ರೆ ಉಸ್ರು ಇಡೀತದೆ ಅಂತ ಕುಂತೇ ಇರ್ತಾನೆ."

"ಹತ್ತು ಮೆಟ್ಟಿಲಾ? ನನ್ನ ಹತ್ರ ಒಂದು ಮಾತೂ ಹೇಳಲಿಲ್ಲವಲ್ಲ."

"ಪಾಳಿಗೆ ಓಗೋ ಒತ್ನಾಗೆ ಕೇಳಿದ್ರೆ ಎಂಗೆ ಏಳ್ತಾನೆ? ಕೆಳಗ್ಡೆ ಇಳಿಯೋ ದಿನ ನಮ್ ಮನೇನಾಗೆ ಕೆಟ್ಟ ಮಾತು ಆಡಲ್ಲ. ಎಷ್ಟೊತ್ತಿಗ್ ಬತ್ತೀಯ ಅಂತ್ಲೂ ಕೇಳಲ್ಲ ನಾನು. ಬಾನುವಾರ ಕೇಳ್‌ಬೇಕಿತ್ತು ನೀವು."

ಎರಡು ವರ್ಷ ಗೋಡೆಗೆ ಗೋಡೆ ಅಂಟಿಕೊಂಡು ಬದುಕಿದ ನನಗೆ ಆ ಪದ್ಧತಿ ಗೊತ್ತಿರಲಿಲ್ಲ. ಕಾಮಸಮುದ್ರದ ಕಡೆಯ ಹಳ್ಳಿಯಿಂದ ಬಂದ ಅವರು ಇಲ್ಲಿ ಗಣಿಗಿಳಿದ ಮೇಲೆ ರೂಢಿ ಮಾಡಿಕೊಂಡದ್ದಂತೆ. ಅವನು ಅಪಶಕುನದ ಭಯಕ್ಕೆ ಮುಚ್ಚಿಟ್ಟು ಸಣ್ಣದು ಮಾಡಿ ಹೇಳಿದ್ದನ್ನು ನಾನು ಮರ್ಯಾದೆಗೆಂದು ಇನ್ನೂ ಸಣ್ಣದು ಮಾಡಿ ಬರೆದಿದ್ದೆ. ಹಾಳೆಯ ಮೇಲೆ ಉಳಿದದ್ದು ನೆಗಡಿ ಬಂದವನ ಕಷ್ಟ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅವತ್ತು ಅವನು ಮೇಲೆ ಬರುತ್ತಾನೋ ಇಲ್ಲವೋ ಎಂದು ಹೆದರಿಕೆಯಾಯಿತು.

ರಜೆಯಿಂದ ಮರಳಿದ ರೋಚ್ ಸಾಹೇಬರ ಮುಂದೆ ಅರ್ಜಿ ಇಟ್ಟೆ. ಅವರು ಓದಿ ಕನ್ನಡಕ ತೆಗೆದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಇವೆಲ್ಲ ನನ್ನಿಂದ ಕಲಿತದ್ದಾ?"

"ಹೌದು ಸರ್."

"ನಮ್ಮ ಕಷ್ಟಕ್ಕೆ ನಾವು ಈ ಮಾತು ಆಡ್ತೀವಿ, ಮ್ಯಾನ್. ಕೇಳಿದವರಿಗೆ ಭಾರ ಆಗಬಾರದು ಅಂತ. ಇನ್ನೊಬ್ಬನ ಕಷ್ಟಕ್ಕೆ ಈ ಮಾತು ಆಡೋ ಹಕ್ಕು ನಮಗಿಲ್ಲ. ಅವನ ಭಾರ ಇಳಿಸೋಕೆ ನೀನ್ಯಾರು?"

ಸಿಟ್ಟಾಗಿರಲಿಲ್ಲ, ಆದರೆ ಸಿಟ್ಟಾಗಿದ್ದರೆ ವಾಸಿಯಿತ್ತು. ಹೊಸ ಹಾಳೆ ನನ್ನ ಕಡೆಗೆ ತಳ್ಳಿ, ಹೆಂಗಸು ಹೇಳಿದ್ದನ್ನು ಹೇಳಿದ ಹಾಗೇ ಬರೆ ಎಂದರು. ಬರೆದೆ. ಇವನು ನಾಲ್ಕು ಸಲ ರಕ್ತ ಕಾರಿದ್ದಾನೆ. ಹತ್ತು ಮೆಟ್ಟಿಲು ಹತ್ತಲಾರ. ಮಲಗಲಾರ. ಮೊದಲಿನ ಅರ್ಜಿಯಲ್ಲಿ ಇದನ್ನು ಬರೆಯದಿದ್ದದ್ದು ಗುಮಾಸ್ತನ ತಪ್ಪು. ಶಾಲೆಯ ಹುಡುಗರ ಇಂಗ್ಲಿಷು. ರೋಚ್ ಸಾಹೇಬರು ಒಂದಕ್ಷರವನ್ನೂ ತಿದ್ದದೆ, ತಾವೇ ಕೈಯಲ್ಲಿ ಹಿಡಿದು ಮೇಲಿನವರ ಕೋಣೆಗೆ ಹೋದರು.

ಅದು ತೀರ್ಮಾನವಾಗಲು ಹನ್ನೊಂದು ದಿನ ಹಿಡಿಯಿತು. ಇಲ್ಲಿ ಕೆಳಗಿಳಿಯುವ ಪ್ರತಿಯೊಬ್ಬನಿಗೂ ಸಂಖ್ಯೆಯ ಒಂದು ಬಿಲ್ಲೆ ಕೊಡುತ್ತಾರೆ. ಮೇಲೆ ಬಂದ ಮೇಲೆ ಅದನ್ನು ಹಲಗೆಯ ಮೊಳೆಗೆ ಹಾಕಬೇಕು. ಖಾಲಿ ಮೊಳೆಯೆಂದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಹನ್ನೊಂದು ದಿನವೂ ಪಾಳಿ ಮುಗಿಯುವ ಹೊತ್ತಿಗೆ ನಾನು ಏನಾದರೊಂದು ನೆಪ ತೆಗೆದು ಆ ಹಲಗೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಆರನೆಯ ದಿನ ನೆಲ ಧಡ್ಡೆಂದಿತು. ಎರಡು ವರ್ಷದಲ್ಲಿ ನಾನೂ ಅದಕ್ಕೆ ಎದುರಂಗಡಿಯ ತಕ್ಕಡಿಯವನಷ್ಟೇ ಒಗ್ಗಿಹೋಗಿದ್ದೆ, ಆದರೆ ಅವತ್ತು ನನ್ನ ಕೈಯಿಂದ ಮಸಿಕುಡಿಕೆ ಬಿತ್ತು. ಸೈರನ್ ಕೂಗಲಿಲ್ಲ. ಸಂಜೆ ಮುನಿಯಪ್ಪ ಗೋಡೆ ಹಿಡಿದು ಹಿಡಿದು ಬಂದು ಬಿಲ್ಲೆಯನ್ನು ಮೊಳೆಗೆ ಹಾಕಿದ. ನನ್ನ ಕಡೆ ನೋಡಿ, "ಇಲ್ಲೇನ್ ಮಾಡ್ತಿದ್ದೀರ ಸೋಮಿ?" ಎಂದ.

ಹನ್ನೆರಡನೆಯ ದಿನ ಅವನನ್ನು ಡಾಕ್ಟರರ ಬಳಿಗೆ ಕಳಿಸಿದರು. ಎದೆಯ ಫೋಟೋ ತೆಗೆದರು. ಕೆಳಗಿಳಿಯುವವರಿಗೆ ದೀಪ ಕೊಟ್ಟು ಇಸಿದುಕೊಳ್ಳುವ ಲ್ಯಾಂಪ್ ರೂಮಿಗೆ ಹಾಕಿದರು.

ಆಮೇಲೆ ದಿನಾ ಬೆಳಗ್ಗೆ ಲ್ಯಾಂಪ್ ರೂಮಿನ ಕಿಟಕಿಯ ಮುಂದೆ ನಿಂತು ಹೇಗಿದ್ದೀರಿ ಎಂದು ಕೇಳುತ್ತಿದ್ದೆ. ಕಿಟಕಿಯ ಮುಂದೆ ಹಾದುಹೋಗುವ ರೋಚ್ ಸಾಹೇಬರಿಂದ ಕೇಳಿ ಕೇಳಿ ಕಲಿತ ಮುನಿಯಪ್ಪ, "ಕಾಂಟ್ ಕಂಪ್ಲೇನ್, ಸೋಮಿ," ಎನ್ನುತ್ತಿದ್ದ. ನಾನು ಅಷ್ಟಕ್ಕೆ ಹೊರಡುತ್ತಿರಲಿಲ್ಲ. "ಅದಿರಲಿ, ನಿಜ ಹೇಳಿ," ಎನ್ನುತ್ತಿದ್ದೆ. ಆಗ ಹೇಳುತ್ತಿದ್ದ, ನೆನ್ನೆ ರಾತ್ರಿಯೆಲ್ಲ ಕುಂತೇ ಕಳೆದೆ ಎಂದೋ, ಇವತ್ತು ವಾಸಿ ಎಂದೋ. ಈಗ ಕೆಳಗಿಳಿಯುವ ದಿನವೆಂಬುದು ಅವನಿಗೆ ಇರಲಿಲ್ಲವಾದ್ದರಿಂದ ಯಾವ ದಿನ ಬೇಕಾದರೂ ಹೇಳಬಹುದಾಗಿತ್ತು. ಎರಡು ಸಲ ಕೇಳುವುದು ನಮ್ಮಿಬ್ಬರ ನಡುವೆ ರೂಢಿಯಾಯಿತು. ಗಂಗಮ್ಮನೂ ನನ್ನನ್ನು ಹಾಗೆಯೇ ಕೇಳತೊಡಗಿದಳು. ನೋಟ್‌ಬುಕ್ಕಿನಲ್ಲಿ ಬರೆಯುವುದನ್ನು ಮಾತ್ರ ನಾನು ಬಿಟ್ಟೆ.

ಅದಾದ ಮೇಲೆ ಮುನಿಯಪ್ಪ ಐದು ವರ್ಷ ಬದುಕಿದ. ಕಳೆದ ಚಳಿಗಾಲದಲ್ಲಿ ಮನೆಯಲ್ಲೇ, ಕೂತ ಹಾಗೆಯೇ ಹೋದ. ಮೊದಲ ಅರ್ಜಿಯಲ್ಲೇ ಸರಿಯಾಗಿ ಬರೆದಿದ್ದರೆ ಇನ್ನಷ್ಟು ದಿನ ಸಿಗುತ್ತಿತ್ತೇ ಎಂದು ಡಾಕ್ಟರರನ್ನು ಕೇಳಿದೆ. ಆ ಹದಿನೈದು ದಿನದಿಂದ ಏನೂ ವ್ಯತ್ಯಾಸವಾಗುವುದಿಲ್ಲ ಎಂದರು. ಅವರು ನಿಜ ಹೇಳಿದರೋ ಮರ್ಯಾದೆಗೆ ಹೇಳಿದರೋ ತಿಳಿಯಲಿಲ್ಲ.

ಅದಾದ ಎರಡು ತಿಂಗಳಿಗೆ ತಂಗಿಯ ಮದುವೆಗೆಂದು ಊರಿಗೆ ಬಂದಿದ್ದೆ. ಇದನ್ನು ಓದುವ ನಮ್ಮೂರಿನವರೇ, ನಿಮ್ಮಲ್ಲಿ ಹಲವರು ನನ್ನನ್ನು ಆಗ ಕಂಡಿದ್ದೀರಿ. ಟ್ರಂಕು ಇಳಿಸುವ ಮುಂಚೆ ಅವ್ವ, "ಆರಾಮ ಅದೀಯೇನಪ್ಪಾ?" ಎಂದಳು. "ಆರಾಮ ಅದೀನವ್ವಾ," ಎಂದೆ. ಅವಳಿಗೆ ಸಮಾಧಾನವಾಯಿತು, ತಾಟು ಹಾಕಿದಳು. ರೊಟ್ಟಿ ನನ್ನ ಕೈಯ ರೊಟ್ಟಿಯಂತೆ ಮುರಿಯಲಿಲ್ಲ. ತಿನ್ನುತ್ತ ನಾನು ಕಾದೆ. ಕಾಕಾ ಕೇಳಿದರು, ಗೆಳೆಯರು ಕೇಳಿದರು, ಎಲ್ಲರಿಗೂ ಆರಾಮ ಎಂದೆ, ಎಲ್ಲರೂ ನಂಬಿದರು. ನೀವೆಲ್ಲ ಪ್ರೀತಿಯಿಂದಲೇ ಕೇಳಿದಿರಿ, ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮೂರಲ್ಲಿ ಎರಡನೆಯ ಸಲ ಕೇಳುವ ರೂಢಿಯಿಲ್ಲ.

ಮತ್ತೆ ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಬಂದೆ. ಗಂಗಮ್ಮ ಜಗಲಿಯ ಮೇಲೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಊರ್ನಾಗೆ ಎಲ್ಲಾ ಚೆನ್ನಾಗವ್ರಾ ಸೋಮಿ?"

"ಎಲ್ಲಾ ಚೆನ್ನಾಗಿದ್ದಾರೆ."

"ಅದಿರ್ಲಿ. ನೀವ್ ಎಂಗಿದ್ದೀರ, ನಿಜ ಏಳಿ."

ಟ್ರಂಕು ಕೆಳಗಿಟ್ಟು ಅವಳ ಜಗಲಿಯ ಮೇಲೆ ಕೂತೆ. ಊರಲ್ಲಿ ನನ್ನನ್ನು ನೆಂಟನಂತೆ ನೋಡಿಕೊಂಡರೆಂದೂ, ಅದರಿಂದ ನನಗೆ ನೋವಾಯಿತೆಂದೂ, ಅಲ್ಲಿದ್ದ ಹದಿನೈದು ದಿನವೂ ಲ್ಯಾಂಪ್ ರೂಮಿನ ಕಿಟಕಿ ನೆನಪಾಗುತ್ತಿತ್ತೆಂದೂ ಹೇಳಿದೆ. ಅವಳು ಮೊರ ಅಲುಗಿಸುವುದನ್ನು ನಿಲ್ಲಿಸಿ ಕೇಳಿದಳು.

"ನೀವು ಹೇಗಿದ್ದೀರಿ ಗಂಗಮ್ಮ?" ಎಂದೆ.

"ನಂಗೇನ್ ಸೋಮಿ, ಚೆನ್ನಾಗಿವ್ನಿ," ಎಂದು ಮತ್ತೆ ಮೊರಕ್ಕೆ ಕೈ ಹಾಕಿದಳು.

ನಾನು ಏಳಲಿಲ್ಲ.

"ಅದಿರಲಿ, ನಿಜ ಹೇಳಿ," ಎಂದೆ.