ಅಮ್ಮನ ಅಮಾಲ್ಫಿಗೆ ನಾವು ಹೋಗಿ ಬಂದದ್ದು

ನಾವು ಚಿಕ್ಕವರಿದ್ದಾಗ ಐರ್ಲೆಂಡಿನಲ್ಲಿ, ಡಬ್ಲಿನ್ ಪಕ್ಕದ ಲೂಕನ್‌ನ ಕನ್ನಡದ ಮನೆಗಳಲ್ಲಿ ರಜೆ ಎಂದರೆ ಮೈಸೂರು, ಇಲ್ಲವೇ ಬೆಂಗಳೂರು. ಸೂಟ್‌ಕೇಸ್ ತುಂಬ ಚಾಕೊಲೇಟ್ ಹೋಗುತ್ತಿತ್ತು, ಅದೇ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಹಪ್ಪಳ ಬರುತ್ತಿತ್ತು. ನಿಮ್ಮ ಮನೆಯಲ್ಲೂ ಹಾಗೇ ಇದ್ದಿರಬೇಕು. ಇಟಲಿ, ಸ್ಪೇನ್ ಎಲ್ಲ ಪಕ್ಕದ ಮನೆಯ ಐರಿಶ್ ಮಕ್ಕಳಿಗೆ. ಬಿಸಿಲಿಗೆ ಮೂಗಿನ ಚರ್ಮ ಸುಲಿದುಕೊಂಡು ಬಂದು ಅವರು ಸಮುದ್ರದ ಕಥೆ ಹೇಳುತ್ತಿದ್ದರು, ನಾವು ಹೊಟ್ಟೆ ಉರಿದುಕೊಳ್ಳುತ್ತಿದ್ದೆವು. ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ ನಾವೂ ಹೋದೆವು. ಆ ಪ್ರವಾಸ ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಹೋಗಬೇಕೆಂದವಳು ಅಮ್ಮ. ಲೈಬ್ರರಿಯಿಂದ ಇಟಲಿಯ ಅಮಾಲ್ಫಿ ಕರಾವಳಿಯ ಪುಸ್ತಕವೊಂದನ್ನು ತಂದು ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ದಿನಕ್ಕೊಂದು ಊರು ಎಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟಳು. ಎಲ್ಲಿ ದೋಣಿ ಹತ್ತಬೇಕು, ಬಸ್ಸಿನಲ್ಲಿ ಯಾವ ಪಕ್ಕ ಕೂತರೆ ಸಮುದ್ರ ಕಾಣುತ್ತದೆ, ಎಲ್ಲ ಅದರಲ್ಲಿತ್ತು. ಒಗ್ಗರಣೆ ಹಾಕುತ್ತ 'ಗ್ರಾತ್ಸಿಯೆ, ಬುವೊನ್ ಜೋರ್ನೊ' ಎಂದು ಇಟಲಿಯವರ ಧನ್ಯವಾದ, ನಮಸ್ಕಾರಗಳನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ನಾನೂ ತಂಗಿಯೂ ನಗುತ್ತಿದ್ದೆವು.

ನಮಗಿಬ್ಬರಿಗೂ ಅಪ್ಪನಿಗೂ ಐರಿಶ್ ಪಾಸ್‌ಪೋರ್ಟ್ ಇತ್ತು. ಅಮ್ಮನದು ಮಾತ್ರ ಭಾರತದ್ದು. ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸು ಬಂದಿರಲಿಲ್ಲ. ತನಗೆ ವೀಸಾ ಬೇಕಾಗುವುದೇನೋ ಎಂದು ಎರಡು ಸಲ ಕೇಳಿದ್ದಳು. ಅಪ್ಪ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಐರ್ಲೆಂಡ್ ಇರೋದು ಯುರೋಪಲ್ಲೇ ಕಣೇ. ಇಲ್ಲಿನ ಕಾರ್ಡ್ ಇದೆಯಲ್ಲ, ಸಾಕು," ಎಂದಿದ್ದರು. ಇಲ್ಲಿನ ಕಾರ್ಡು ಇಲ್ಲಿರಲಿಕ್ಕೆ ಮಾತ್ರ, ಇಟಲಿಗೆ ಬೇರೆಯೇ ವೀಸಾ ಬೇಕು ಎಂದು ಲೂಕನ್‌ನಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಅಪ್ಪ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದವರು, ಬೇರೆಯವರ ತಪ್ಪು ಹುಡುಕುವುದೇ ಕಸುಬು. ಹೆಂಡತಿಯ ಒಂದು ಪ್ರಶ್ನೆಗೆ ಐದು ನಿಮಿಷ ಕೊಡಲಿಲ್ಲ.

ಡಬ್ಲಿನ್ ಏರ್‌ಪೋರ್ಟಿನ ಕೌಂಟರಿನಲ್ಲಿದ್ದ ಹೆಂಗಸು ನಮ್ಮ ಮೂರು ಪಾಸ್‌ಪೋರ್ಟ್ ನೋಡಿ 'ಗ್ರ್ಯಾಂಡ್', ಸರಿಯಿದೆ ಎಂದಳು. ನಾಲ್ಕನೆಯದರ ಹಾಳೆಗಳನ್ನು ಒಂದೊಂದಾಗಿ ಮಗುಚಿ, ವೀಸಾ ಇಲ್ಲದೆ ಹತ್ತಿಸಲಾಗದು ಎಂದಳು. ಅಪ್ಪ ವಾದಿಸಿದರು, ಬೆವರಿದರು, ಕೊನೆಗೆ ಅಮ್ಮನ ಕಡೆ ತಿರುಗಿ, ಅಷ್ಟು ಜನರ ಮುಂದೆ, "ಪಾಸ್‌ಪೋರ್ಟ್ ಬದಲಾಯಿಸ್ಕೋ ಅಂತ ಎಷ್ಟು ಸಲ ಬಡ್ಕೊಂಡೆ ನಿಂಗೆ," ಎಂದರು.

ಆಗಲೇ ನಾಲ್ವರೂ ಮನೆಗೆ ವಾಪಸು ಹೋಗಬೇಕಿತ್ತು. ಎಲ್ಲ ಬುಕ್ ಆಗಿದೆ, ಮಕ್ಕಳಿಗೆ ನಿರಾಸೆಯಾಗುತ್ತದೆ ಎಂದರು ಅಪ್ಪ. ನಾನು ನನ್ನ ಚೀಲವನ್ನು ಬೆನ್ನಿಗೇರಿಸಿಕೊಂಡೆ. ನನಗೂ ಹೋಗುವ ಆಸೆಯಿತ್ತು, ಅದನ್ನೇಕೆ ಮುಚ್ಚಿಡಲಿ. "ನೀವು ಹೋಗ್ಬನ್ನಿ. ನಾನು ಇನ್ನೊಂದ್ಸಲ ನೋಡಿದ್ರಾಯ್ತು," ಎಂದಳು ಅಮ್ಮ. ಅಲ್ಲೇ ಬೆಂಚಿನ ಮೇಲೆ ತಂಗಿಯನ್ನು ಕೂರಿಸಿ, ಜಡೆ ಬಿಚ್ಚಿ, ಮತ್ತೆ ಬಿಗಿಯಾಗಿ ಹೆಣೆದಳು. ಅಪ್ಪನಿಗೆ ಜಡೆ ಹಾಕಲು ಬರುತ್ತಿರಲಿಲ್ಲ, ಅದು ನಾಲ್ಕು ದಿನ ತಡೆಯಬೇಕಿತ್ತು. ಚಪಾತಿಯ ಡಬ್ಬಿಯನ್ನು ನನ್ನ ಕೈಗೂ ನೋಟ್‌ಬುಕ್ಕನ್ನು ಅಪ್ಪನ ಕೈಗೂ ಕೊಟ್ಟು ಬಸ್ಸು ಹಿಡಿಯಲು ಹೋದಳು.

ನಾಲ್ಕು ದಿನ ನಾವು ಅವಳ ಪ್ರವಾಸ ಮಾಡಿದೆವು. ಸಲೆರ್ನೊದಲ್ಲಿ ಉಳಿದುಕೊಂಡು ದಿನಾ ಬೆಳಿಗ್ಗೆ ಒಂದೊಂದು ಊರಿಗೆ ಹೊರಡುವುದು. ಅಪ್ಪ ನೋಟ್‌ಬುಕ್ ಓದುತ್ತ ಗೈಡಿನ ಹಾಗೆ ಮುಂದೆ ನಡೆಯುತ್ತಿದ್ದರು. ನನಗೆ ಆಗ ಕನ್ನಡ ಓದಲು ಬರುತ್ತಿರಲಿಲ್ಲ. ಆ ಸಿಟ್ಟಿಗೇ ಆಮೇಲೆ ಅಕ್ಷರ ಕಲಿತೆ. ದೋಣಿಯಲ್ಲಿ ಡೀಸೆಲ್ ವಾಸನೆ, ಅಮಾಲ್ಫಿಯ ದಡಕ್ಕಿಳಿದರೆ ನಿಂಬೆಯ ವಾಸನೆ. ಒಂದೊಂದು ನಿಂಬೆಹಣ್ಣೂ ಚಕ್ಕೋತದಷ್ಟು ದಪ್ಪ. ವಿಯೆತ್ರಿಯಲ್ಲಿ ಬಣ್ಣದ ಟೈಲ್ಸ್ ಹಾಸಿದ ಅಂಗಳದಲ್ಲಿ, ಅಮ್ಮ ಕಲಿಸಿದ ಕುಂಟೆಬಿಲ್ಲೆಯನ್ನು ತಂಗಿಯೂ ನಾನೂ ಆಡಿದೆವು. ಪೊಸಿತಾನೊದ ಮೆಟ್ಟಿಲ ಮೇಲೆ ಕೂತು ಒಣಗಿದ ಚಪಾತಿಗೆ ಚಟ್ನಿಪುಡಿ ಉದುರಿಸಿ ತಿಂದೆವು. ಚೆನ್ನಾಗಿತ್ತು. ನನ್ನ ಸಿಟ್ಟೇ ಅದು, ಎಲ್ಲವೂ ಬಹಳ ಚೆನ್ನಾಗಿತ್ತು.

ಅಪ್ಪ ಊರೂರಿಂದ ಫೋಟೊ ಕಳಿಸುತ್ತಿದ್ದರು. ಚೆನ್ನಾಗಿದೆ, ಊಟ ಆಯ್ತಾ ಎಂದಷ್ಟೇ ಅಮ್ಮನ ಉತ್ತರ ಬರುತ್ತಿತ್ತು. ಮೂರನೆಯ ಸಂಜೆ ಅವಳೇ ಫೋನ್ ಮಾಡಿ ನನ್ನನ್ನು ಕೇಳಿದಳು.

"ಸಮುದ್ರ ಹೇಗಿದೆ ಪುಟ್ಟಾ? ಯಾವ ಬಣ್ಣ?"

ನನ್ನ ಕೈಯಲ್ಲಿ ಐಸ್‌ಕ್ರೀಮ್ ಕರಗುತ್ತಿತ್ತು. "ಇಟ್ಸ್ ಗ್ರ್ಯಾಂಡ್, ಅಮ್ಮ," ಎಂದು ಫೋನನ್ನು ತಂಗಿಗೆ ದಾಟಿಸಿದೆ.

ಚಹಾ ಆರಿದರೂ ಗ್ರ್ಯಾಂಡ್, ಬಸ್ಸು ತಪ್ಪಿದರೂ ಗ್ರ್ಯಾಂಡ್ ಎನ್ನುವ ದೇಶದಲ್ಲಿ ಬೆಳೆದ ಮಗು, ಅದಕ್ಕೆ ಬೇರೆ ಮಾತು ಎಲ್ಲಿಂದ ಬರಬೇಕು ಎಂದು ನೀವು ಸಮಾಧಾನ ಹೇಳಬಹುದು. ಸುಳ್ಳು. ನೀಲಿ ಎನ್ನುವ ಶಬ್ದ ನನಗೆ ಗೊತ್ತಿತ್ತು. ಬಂಡೆಯ ಹತ್ತಿರ ಹಸಿರು, ದೂರ ಹೋದಂತೆ ಕಡುನೀಲಿ ಎನ್ನಲು ಎಷ್ಟು ಹೊತ್ತು ಬೇಕಿತ್ತು?

ಅಪ್ಪ ಯಾವತ್ತೂ ತಪ್ಪಾಯಿತು ಎನ್ನಲಿಲ್ಲ. ಸ್ನೇಹಿತರು ಊಟಕ್ಕೆ ಬಂದರೆ ಅದನ್ನೊಂದು ತಮಾಷೆಯಾಗಿ ಹೇಳುತ್ತಾರೆ, ಎಲ್ಲರೂ ನಗುತ್ತಾರೆ, ಅಮ್ಮ ಪಲ್ಯ ಬಡಿಸುತ್ತಾಳೆ. ಮರುವರ್ಷವೇ ಅವಳು ಐರಿಶ್ ಪೌರತ್ವಕ್ಕೆ ಅರ್ಜಿ ಹಾಕಿದಳು. ಈಗ ಯಾರ ಅಪ್ಪಣೆಯೂ ಇಲ್ಲದೆ ಇಟಲಿಗೆ ಹೋಗಬಹುದು. ಹೋಗುವುದು ಮಾತ್ರ ಆಗಲಿಲ್ಲ. ಒಮ್ಮೆ ತಂಗಿಯ ಪರೀಕ್ಷೆ, ಒಮ್ಮೆ ಮನೆಯ ರಿಪೇರಿ, ಇನ್ನುಳಿದಂತೆ, ಅದು ನೋಡಿಯಾಗಿದೆಯಲ್ಲ ಎಂಬ ಅಪ್ಪನ ಮಾತು.

ನಾನೀಗ ಅತ್ಲೋನ್‌ನಲ್ಲಿ ಕೆಲಸದಲ್ಲಿದ್ದೇನೆ. ಕಳೆದ ತಿಂಗಳು ರೈಲು ಹಿಡಿದು ಮನೆಗೆ ಹೋಗಿ, ನಾವಿಬ್ಬರೇ ಹೋಗೋಣ, ಟಿಕೆಟ್ ನಾನು ತೆಗೆಯುತ್ತೇನೆ ಎಂದೆ. ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮ ಬೇಡ ಎಂದಳು. ನಾನು ಜಗಳಕ್ಕೇ ನಿಂತೆ. ಅವಳು ಚಾಕು ಕೆಳಗಿಟ್ಟಳು.

"ಎಲ್ರೂ ಒಟ್ಟಿಗೆ ಮೊದಲ್ನೇ ಸಲ ನೋಡ್ಬೇಕು ಅಂತಿತ್ತು ಪುಟ್ಟಾ. ನೀವು ನೋಡಾಯ್ತು. ಈಗ ನಾನು ಸಮುದ್ರ ನೋಡ್ತಿದ್ರೆ, ನೀನು ನನ್ನ ಮುಖ ನೋಡ್ತಾ ನಿಂತಿರ್ತೀಯ."

ನಿಜವೇ. ನಾನು ಹೊರಟಿದ್ದೇ ಆ ಮುಖ ನೋಡಿ ನನ್ನ ಮನಸ್ಸು ಹಗುರ ಮಾಡಿಕೊಳ್ಳಲಿಕ್ಕೆ. ಅಂದರೆ ಎರಡನೆಯ ಸಲವೂ ಆ ಪ್ರವಾಸ ಅವಳದಾಗುತ್ತಿರಲಿಲ್ಲ.